ಪ್ಲಾಂಕ್ ಬೆಂಡರ್: ಎಂಡೆವರ್‌ಗೆ ಬೇಕು, ಬ್ಲೂನೋಸ್‌ಗೆ ಬೇಡ

ಮರದ ಹಡಗಿನ ಮಾದರಿ ಕಟ್ಟಲು ಹೊರಟವರು ಕಿಟ್ ಜೊತೆಗೆ ತರಿಸಿಕೊಳ್ಳುವ ಮೊದಲ ದುಬಾರಿ ಉಪಕರಣ ಸಾಮಾನ್ಯವಾಗಿ ಎಲೆಕ್ಟ್ರಿಕ್ ಪ್ಲಾಂಕ್ ಬೆಂಡರ್, ಅಂದರೆ ಹಡಗಿನ ಒಡಲಿಗೆ ಹೊದಿಸುವ ತೆಳು ಮರದ ಪಟ್ಟಿಗಳನ್ನು (ಪ್ಲಾಂಕ್) ಕಾಯಿಸಿ ಬಾಗಿಸುವ ಸಾಧನ. ಹಲವು ಹೆಸರುಗಳಲ್ಲಿ ಸಿಗುತ್ತದೆ, ಆದರೆ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಸೋಲ್ಡರಿಂಗ್ ಐರನ್‌ನ ಹಿಡಿ ಮತ್ತು ಕಾಯಿಲ್, ಚೂಪು ಮೊನೆಯ ಬದಲು ದುಂಡಗಿನ ಲೋಹದ ತಲೆ, ಜೊತೆಗೆ ಬೆನ್ನು ಬಾಗಿದ ಒಂದು ಮರದ ಅಚ್ಚು. ಅಚ್ಚಿನ ಒಂದು ತುದಿಯಲ್ಲಿ ಪಟ್ಟಿಯನ್ನು ಸಿಕ್ಕಿಸಲು ಸೀಳುಗಂಡಿ ಇರುತ್ತದೆ. ನೆನೆಸಿದ ಪಟ್ಟಿಯನ್ನು ಗಂಡಿಗೆ ಸಿಕ್ಕಿಸಿ, ಕಾದ ತಲೆಯಿಂದ ಒತ್ತುತ್ತಾ ಅಚ್ಚಿನ ಬೆನ್ನಿನ ಮೇಲೆ ಬಾಗಿಸಿಕೊಂಡು ಹೋಗಿ ಎನ್ನುತ್ತದೆ ಪೆಟ್ಟಿಗೆಯೊಳಗಿನ ಚೀಟಿ.

ಉಪಕರಣ ಕೆಟ್ಟದ್ದಲ್ಲ. ಒಂದು ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಆದರೆ ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನರಿಗೆ ಆ ಕೆಲಸವೇ ಇರುವುದಿಲ್ಲ. ಇನ್ನುಳಿದವರು ಅದು ಮಾಡಲಾಗದ ಬೇರೊಂದು ಕೆಲಸವನ್ನು ಅದರಿಂದ ನಿರೀಕ್ಷಿಸಿ ಬೈದುಕೊಳ್ಳುತ್ತಾರೆ. ಹಾಗಾಗಿ ತಲೆ ಎಷ್ಟು ಬೇಗ ಕಾಯುತ್ತದೆ ಎನ್ನುವುದಕ್ಕಿಂತ ಮೊದಲು ನಿಮ್ಮ ಹಡಗಿನ ಮೂತಿ (ಮುಂತುದಿ) ಎಷ್ಟು ಮೊಂಡು ಎಂದು ನೋಡಬೇಕು.

ಪಟ್ಟಿಯನ್ನು ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂದರೆ, ಪಟ್ಟಿಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. ಒಣಗಿದ ಮರ ಸುಮಾರು ನೂರಕ್ಕೆ ಒಂದರಷ್ಟು ಹಿಗ್ಗುವ ಹೊತ್ತಿಗೆ ಚಟಪಟ ಅನ್ನತೊಡಗುತ್ತದೆ. ಇದರಿಂದ ಒಂದು ಒರಟು ಲೆಕ್ಕ ಸಿಗುತ್ತದೆ: ಬಾಗಿನ ತ್ರಿಜ್ಯ ಪಟ್ಟಿಯ ದಪ್ಪದ ಐವತ್ತರಷ್ಟಕ್ಕಿಂತ ಹೆಚ್ಚಿದ್ದರೆ ಕೈಯಲ್ಲೇ ಬಾಗುತ್ತದೆ, ಕಡಿಮೆಯಿದ್ದರೆ ಶಾಖ ಬೇಕು. ಒಡಲಿಗೆ ಎರಡು ಪದರ ಪಟ್ಟಿ ಹೊದಿಸುವ ಕಿಟ್‌ಗಳಲ್ಲಿ ಮೊದಲ ಪದರಕ್ಕೆ ಕೊಡುವ 1.5 ಮಿ.ಮೀ. ದಪ್ಪದ ಪಟ್ಟಿಗೆ ಆ ಗಡಿ 75 ಮಿ.ಮೀ. ಎರಡನೇ ಪದರದ 0.5 ಮಿ.ಮೀ. ವಾಲ್‌ನಟ್‌ಗೆ ಬರೀ 25 ಮಿ.ಮೀ. ಅಂದರೆ ಎರಡನೇ ಪದರಕ್ಕೆ ಈ ಉಪಕರಣ ಬೇಕಾಗುವುದು ತೀರಾ ಅಪರೂಪ. ಒದ್ದೆ ಬೆರಳಿನಿಂದ ನಾಲ್ಕು ಸಲ ನೀವಿದರೆ ಸಾಕು.

ರಟ್ಟಿನಲ್ಲಿ 25, 50, 75, 100 ಮಿ.ಮೀ. ತ್ರಿಜ್ಯದ ನಾಲ್ಕು ಬಿಲ್ಲೆ ಕತ್ತರಿಸಿಕೊಳ್ಳಿ. ಬಲ್ಕ್‌ಹೆಡ್‌ಗಳನ್ನು (ಒಡಲಿನ ಅಡ್ಡ ಚೌಕಟ್ಟುಗಳು) ಕೀಲ್‌ಗೆ (ಹಡಗಿನ ಉದ್ದಕ್ಕೂ ಇರುವ ಬೆನ್ನೆಲುಬು) ಕೂರಿಸಿ, ಅಂಚುಗಳನ್ನು ಓರೆಯಾಗಿ ಉಜ್ಜಿದ ಮೇಲೆ ಮೂತಿಯ ಹತ್ತಿರ ಒಂದೊಂದೇ ಬಿಲ್ಲೆ ಹಿಡಿದು ನೋಡಿ. ಎರಡು ನಿಮಿಷದ ಕೆಲಸ. ಖರೀದಿಯ ತೀರ್ಮಾನ ಅಲ್ಲೇ ಆಗಿಹೋಗುತ್ತದೆ.

ನಾವಿಕ ಜೇಮ್ಸ್ ಕುಕ್‌ನ ಎಂಡೆವರ್ 1764ರಲ್ಲಿ ಇಂಗ್ಲೆಂಡಿನ ವಿಟ್ಬಿಯಲ್ಲಿ ಕಲ್ಲಿದ್ದಲು ಸಾಗಿಸಲೆಂದು ಕಟ್ಟಿದ ಹಡಗು. ಹೊಟ್ಟೆ ತುಂಬ ಸರಕು ಹಿಡಿಯಲೆಂದೇ ಮೂತಿಯನ್ನು ಮೊಂಡಾಗಿಸಿದ್ದಾರೆ. 1:60 ಅಳತೆಯ ಮಾದರಿಯಲ್ಲಿ ಮೇಲಿನ ಸಾಲಿನ ಪಟ್ಟಿಗಳು ಕೆಲವೇ ಸೆಂಟಿಮೀಟರ್‌ಗಳೊಳಗೆ ತೊಂಬತ್ತು ಡಿಗ್ರಿಯ ಹತ್ತಿರ ತಿರುಗಿ ಸ್ಟೆಮ್‌ಗೆ (ಮೂತಿಯ ತುದಿಯ ನಿಲುವು ಮರ) ಬಂದು ಸೇರಬೇಕು. 1820ರಲ್ಲಿ ವುಲ್ವಿಚ್‌ನಲ್ಲಿ ನೀರಿಗಿಳಿದ ಬೀಗಲ್, 1765ರ ವಿಕ್ಟರಿ, ಇವುಗಳ ಮೂತಿಯೂ ದುಂಡಗೇ. ಇಲ್ಲಿ ಶಾಖ ಇಲ್ಲದೆ ದಾರಿಯಿಲ್ಲ, ಬೆಂಡರ್‌ಗೆ ಕೊಟ್ಟ ದುಡ್ಡು ದಂಡವಲ್ಲ. 1921ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ಕಟ್ಟಿದ ಬ್ಲೂನೋಸ್ ಬೇರೆಯೇ ಜಾತಿ. ಮೀನು ಹಿಡಿಯುವುದರ ಜೊತೆಗೆ ಪಂದ್ಯ ಗೆಲ್ಲಲೂ ರೂಪಿಸಿದ ಸ್ಕೂನರ್ ಹಾಯಿಹಡಗು ಅದು, ಪಟ್ಟಿಗಳು ಮೂತಿಯ ಕಡೆಗೆ ಬಹುತೇಕ ನೇರವಾಗಿ ಜಾರಿಕೊಂಡು ಹೋಗುತ್ತವೆ. 1869ರ ಕಟ್ಟಿ ಸಾರ್ಕ್ ಕೂಡ ಹಾಗೆಯೇ. ಇವುಗಳಲ್ಲಿ ಕಷ್ಟ ಇರುವುದು ಹಿಂಭಾಗದಲ್ಲಿ, ಪಟ್ಟಿ ತಿರುಚಿಕೊಳ್ಳುವ ಜಾಗದಲ್ಲಿ. ಬೆಂಡರ್ ತಿರುಚುವುದಿಲ್ಲ. ಹಾಗಾಗಿ ಮೊದಲ ಹಡಗಾಗಿ ಬ್ಲೂನೋಸ್ ಕಿಟ್ ತರಿಸಿದವರು ಬೆಂಡರ್ ಕೊಳ್ಳುವ ದುಡ್ಡಿನಲ್ಲಿ ಒಳ್ಳೆಯ ಕ್ಲಾಂಪ್‌ಗಳನ್ನು ಕೊಳ್ಳಲಿ.

ಇನ್ನು ಬಳಕೆಯ ಮಾತು. ಮರವನ್ನು ಬಾಗಿಸುವುದು ನೀರಲ್ಲ, ಶಾಖ. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಒದ್ದೆಯಾಗಿದ್ದಾಗ ನೀರಿನ ಕುದಿಬಿಂದುವಿನ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಒಣಗಿದ್ದರೆ ಇನ್ನೂ ಹೆಚ್ಚು ಶಾಖ ಬೇಡುತ್ತದೆ. ನೀರಿನ ಪಾತ್ರ ಅಷ್ಟೇ. ದೊಡ್ಡ ದೋಣಿ ಕಟ್ಟುವವರು ಒಂದು ಇಂಚು ದಪ್ಪದ ಹಲಗೆಗೆ ಒಂದು ಗಂಟೆ ಹಬೆ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ 1.5 ಮಿ.ಮೀ. ಪಟ್ಟಿಗೆ ನಾಲ್ಕು ನಿಮಿಷವೂ ಬೇಡ. ತಣ್ಣೀರಿನಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಇಟ್ಟರೆ ಧಾರಾಳ. ರಾತ್ರಿಯಿಡೀ ನೆನೆಹಾಕುವುದರಿಂದ ಏನೂ ಹೆಚ್ಚುವರಿ ಸಿಗುವುದಿಲ್ಲ, ತೊಂದರೆ ಮಾತ್ರ ಗ್ಯಾರಂಟಿ: ಮರ ಅಗಲಕ್ಕೆ ಊದಿಕೊಳ್ಳುತ್ತದೆ. 5 ಮಿ.ಮೀ. ಅಗಲದ ಬಾಸ್‌ವುಡ್ ಪಟ್ಟಿ ಪೂರ್ತಿ ನೆನೆದರೆ ಸುಮಾರು 0.3 ಮಿ.ಮೀ. ಹಿಗ್ಗಬಹುದು. ಅದೇ ಸ್ಥಿತಿಯಲ್ಲಿ ಅಂಟಿಸಿಬಿಟ್ಟರೆ ಒಣಗಿದ ಮೇಲೆ ಪ್ರತಿ ಎರಡು ಪಟ್ಟಿಗಳ ನಡುವೆ ಬೆಳಕು ಕಾಣುವಷ್ಟು ಸಂದು. ‘ಕಿಟ್‌ನ ಮರವೇ ಸರಿಯಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಅವಸರವೇ.

ಇಡೀ ಪಟ್ಟಿಯನ್ನು ನೆನೆಸುವ ಅಗತ್ಯವೂ ಇಲ್ಲ. ಮೂತಿಯ ಕಡೆಯ 80 ಮಿ.ಮೀ. ಮಾತ್ರ ಮುಳುಗುವಂತೆ ಎತ್ತರದ ಬಾಟಲಿಯಲ್ಲಿ ನಿಲ್ಲಿಸಿದರೆ ಆಯಿತು. ಎಡಕ್ಕೊಂದು ಬಲಕ್ಕೊಂದು, ಜೋಡಿಯಾಗಿಯೇ ನೆನೆಸಿ, ಜೋಡಿಯಾಗಿಯೇ ಬಾಗಿಸಿ. ಒಂದೇ ಮಗ್ಗುಲಿಗೆ ನಾಲ್ಕೈದು ಪಟ್ಟಿ ಹಚ್ಚಿ ಆಮೇಲೆ ಇನ್ನೊಂದಕ್ಕೆ ಕೈಹಾಕಿದರೆ ಕೀಲ್ ಬಿಲ್ಲಿನಂತೆ ಬಾಗುತ್ತದೆ. ಒಮ್ಮೆ ಬಾಗಿದ ಕೀಲ್ ಮತ್ತೆ ನೇರವಾಗುವುದಿಲ್ಲ.

ತಲೆ ಕಾಯಲು ಐದರಿಂದ ಹತ್ತು ನಿಮಿಷ ಬಿಡಿ. ಸಾಧಾರಣ ಮಾದರಿಗಳಲ್ಲಿ ಥರ್ಮೋಸ್ಟಾಟ್ ಇರುವುದಿಲ್ಲ, ಬಿಟ್ಟಷ್ಟೂ ಕಾಯುತ್ತಲೇ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಆ ಮಟ್ಟ ಮರ ಕಪ್ಪಾಗುವ ಮಟ್ಟಕ್ಕಿಂತ ಮೇಲೆಯೇ. ಹನಿ ನೀರು ಹಾಕಿದಾಗ ಚುಯ್ ಎಂದು ಆವಿಯಾದರೆ ಸಾಕು. ಬೇಡದ ಚೂರೊಂದನ್ನು ತಾಕಿಸಿ, ಎರಡು ಸೆಕೆಂಡಿನೊಳಗೆ ಕಂದು ಗೀರು ಬಿದ್ದರೆ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಶುರುಮಾಡಿ. ಕಾದ ತಲೆ ಒಂದೇ ಜಾಗದಲ್ಲಿ ನಿಲ್ಲಬಾರದು. ನಿಧಾನವಾಗಿ ಸರಿಯುತ್ತಲೇ ಇರಬೇಕು, ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಆಡಿಸುವ ಹಾಗೆ.

ಚೀಟಿಯಲ್ಲಿ ಹೇಳಿರುವ ವಿಧಾನಕ್ಕೆ ನನ್ನ ತಕರಾರಿರುವುದು ಇಲ್ಲಿ. ಅಚ್ಚಿನ ಮೇಲೆ ಪಟ್ಟಿಯಿಟ್ಟು ಮೇಲಿಂದ ಒತ್ತಿದರೆ ಶಾಖ ತಗಲುವುದು ಹೊರಮೈಗೆ. ಸುಟ್ಟ ಕಲೆ ಬೀಳುವುದೂ ಅಲ್ಲಿಯೇ, ಎಲ್ಲರ ಕಣ್ಣಿಗೆ ಕಾಣುವ ಕಡೆಗೆ. ಶಾಖ ಹೆಚ್ಚು ಬೇಕಾಗಿರುವುದು ಒಳಮೈಗೆ. ಕಾದು ಮೆತ್ತಗಾದ ಮರ ಹಿಗ್ಗುವುದು ಸ್ವಲ್ಪವೇ, ಕುಗ್ಗುವುದು ಮಾತ್ರ ಬಹಳ. ಹಬೆಯಲ್ಲಿ ಬಾಗಿಸುವ ಕಲೆಯೆಲ್ಲ ನಿಂತಿರುವುದು ಆ ಕುಗ್ಗುವಿಕೆಯ ಮೇಲೆ. ಹಾಗಾಗಿ ಅಚ್ಚನ್ನು ಪಕ್ಕಕ್ಕಿಡಿ. ಬೆಂಡರ್‌ನ ಹಿಡಿಯನ್ನು ಬಟ್ಟೆ ಸುತ್ತಿ ವೈಸ್‌ನಲ್ಲಿ ಹಗುರವಾಗಿ ಕಚ್ಚಿಸಿ, ತಲೆ ಮೇಲ್ಮುಖವಾಗಿ ನಿಲ್ಲಲಿ. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎಳೆಯುತ್ತಾ ಕೆಳಕ್ಕೆ ಬಾಗಿಸಿ. ನೀರು ಚುರುಗುಟ್ಟುವ ಸದ್ದು ಬರುತ್ತಿರುವವರೆಗೆ ಮರ ಇನ್ನೂ ಒದ್ದೆ. ಸದ್ದು ಕಡಿಮೆಯಾಗುತ್ತಾ ಬಂದಂತೆ ಕೈಗೆ ಎದುರೊತ್ತು ಇದ್ದಕ್ಕಿದ್ದಂತೆ ಸಡಿಲವಾಗುತ್ತದೆ, ಪಟ್ಟಿ ತಾನಾಗಿಯೇ ತಲೆಯ ದುಂಡಿಗೆ ಒರಗುತ್ತದೆ. ಬೆರಳು ಹಿಡಿಯಬೇಕಾದ ಕ್ಷಣ ಅದು. ಅದಕ್ಕೂ ಮೊದಲು ಬಲವಂತ ಮಾಡಿದರೆ ಹೊರಮೈಯಲ್ಲಿ ಚಕ್ಕೆ ಏಳುತ್ತದೆ, ತಡಮಾಡಿದರೆ ಒಳಮೈ ಕಪ್ಪಾಗುತ್ತದೆ. ಒಳಮೈ ಕಪ್ಪಾದರೂ ನಷ್ಟವಿಲ್ಲ, ಅದು ಒಡಲಿನೊಳಗೆ ಹೋಗುತ್ತದೆ.

ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಾಗಿಸಿ. ಬಿಟ್ಟ ಕೂಡಲೇ ಸ್ವಲ್ಪ ಸೆಟೆದುಕೊಳ್ಳುತ್ತದೆ. ಆಮೇಲೆ ಅಂಟು ಹಾಕದೆ ಬಲ್ಕ್‌ಹೆಡ್‌ಗಳ ಮೇಲೆಯೇ ಕ್ಲಾಂಪ್ ಹಾಕಿ ಒಣಗಲು ಬಿಡಿ. ಹೇರ್ ಡ್ರೈಯರ್ ಹಿಡಿದರೆ ಕೆಲವೇ ನಿಮಿಷ, ಇಲ್ಲವಾದರೆ ಮರುದಿನದವರೆಗೆ. ಒಣಗಿದ ಮೇಲೆ ತೆಗೆದು ನೋಡಿದಾಗ ಪಟ್ಟಿ ಆಕಾರ ಬಿಡದೆ ನಿಂತಿರಬೇಕು, ಮತ್ತೆ ಇಟ್ಟರೆ ಬರೀ ಬೆರಳ ಒತ್ತಿಗೆ ಜಾಗಕ್ಕೆ ಕೂರಬೇಕು. ಅಲ್ಲಿಯವರೆಗೆ ಗೋಂದಿನ ಬಾಟಲಿ ಮುಟ್ಟಬೇಡಿ. ಒದ್ದೆ ಮರದ ಮೇಲೆ ಬಿಳಿ ಗೋಂದು ತೆಳುವಾಗಿ ಹರಿದುಹೋಗುತ್ತದೆ, ಸೂಪರ್ ಗ್ಲೂ ಗಡಿಬಿಡಿಯಲ್ಲಿ ಗಟ್ಟಿಯಾಗಿ ಬಿಳಿ ಪುಡಿ ಬಿಡುತ್ತದೆ. ಅಂಟಿಸಿದ ಮೇಲೆ ತಪ್ಪು ಕಂಡರೆ ಬಿಳಿ ಗೋಂದಿನ ಜೋಡಣೆಯನ್ನು ಇದೇ ಬೆಂಡರ್‌ನಿಂದ ಕಾಯಿಸಿ ಬಿಡಿಸಬಹುದು. ಪೆಟ್ಟಿಗೆಯ ಮೇಲೆ ಯಾರೂ ಬರೆಯದ ಉಪಯೋಗ ಇದು. ಸೂಪರ್ ಗ್ಲೂ ಹಾಕಿದ ಜಾಗಕ್ಕೆ ಮಾತ್ರ ಕಾದ ತಲೆ ತಾಕಿಸಬೇಡಿ, ಬರುವ ಹೊಗೆ ಕಣ್ಣು ಮೂಗನ್ನು ಉರಿಸುತ್ತದೆ.

ಮರದ ಜಾತಿಗೆ ತಕ್ಕಂತೆ ಬೆಂಡರ್‌ನ ಉಪಯೋಗವೂ ಬದಲಾಗುತ್ತದೆ. ಬಾಸ್‌ವುಡ್, ಲೈಮ್ (ನಿಂಬೆಯಲ್ಲ, ಲಿಂಡನ್ ಮರ) ಹೇಳಿದಂತೆ ಕೇಳುತ್ತವೆ. ಬೀಚ್ ಗಟ್ಟಿ, ಆದರೆ ಹಬೆಗೆ ಚೆನ್ನಾಗಿ ಬಾಗುವ ಮರಗಳಲ್ಲಿ ಅದು ಮುಂದಿನ ಸಾಲಿನದು. ಪೇರ್ ಕೂಡ ಪರವಾಗಿಲ್ಲ. ವಾಲ್‌ನಟ್ ಎಂಬ ಹೆಸರಿನಲ್ಲಿ ಕಿಟ್‌ಗಳಲ್ಲಿ ಬರುವ ಪಟ್ಟಿಗಳು ಎಷ್ಟೋ ಸಲ ನಿಜವಾದ ವಾಲ್‌ನಟ್ ಅಲ್ಲ, ಬಣ್ಣ ಹೋಲುವ ಬೇರೆ ಮರ. ಅವುಗಳಲ್ಲಿ ನಾರು ಅಡ್ಡಾದಿಡ್ಡಿ ಓಡಿದ್ದರೆ ಎಷ್ಟು ಕಾಯಿಸಿದರೂ ಸೀಳುತ್ತವೆ. ಪಟ್ಟಿಯ ಮಗ್ಗುಲನ್ನು ಬೆಳಕಿಗೆ ಹಿಡಿಯಿರಿ: ನಾರಿನ ಗೆರೆ ಅಂಚಿನಿಂದ ಹೊರಕ್ಕೆ ಓಡಿಹೋಗುವಂತಿದ್ದರೆ ಅದನ್ನು ಒಡಲಿನ ನಡುಭಾಗಕ್ಕೆ, ನೇರ ಜಾಗಕ್ಕೆ ಮೀಸಲಿಡಿ. ಎಬೋನಿಯನ್ನು ಬಾಗಿಸುವ ಆಸೆ ಬಿಡಿ. ಆ ಜಾಗಕ್ಕೆ ಕಪ್ಪು ಬಣ್ಣ ಹಚ್ಚಿದ ಪೇರ್ ಸಾಕು. ನೀರಿಗೆ ಅಮೋನಿಯಾ ಬೆರೆಸಿದರೆ ಮರ ರಬ್ಬರಿನಂತಾಗುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಆ ಗುಣ ನೀರಿಲ್ಲದ ಶುದ್ಧ ಅಮೋನಿಯಾಕ್ಕೆ ಸೇರಿದ್ದು, ಮನೆ ಒರೆಸುವ ದ್ರಾವಣಕ್ಕಲ್ಲ. ಅದರಿಂದ ಸಿಗುವುದು ದುರ್ವಾಸನೆ, ಟ್ಯಾನಿನ್ ಇರುವ ಮರವಾದರೆ ಕಪ್ಪಿಟ್ಟ ಬಣ್ಣ.

ಬೆಂಡರ್‌ಗೆ ಪೈಪೋಟಿಯಾಗಿ ಅಂಗಡಿಗಳಲ್ಲಿರುವುದು ಎರಡು. ಒಂದು, ಇಕ್ಕಳದಂಥ ಕ್ರಿಂಪರ್. ಒಂದು ದವಡೆಯಲ್ಲಿ ಮೊಂಡು ಅಲಗು, ಇನ್ನೊಂದರಲ್ಲಿ ಮೆತ್ತನೆಯ ಗದ್ದಿಗೆ. ಎರಡು ಮೂರು ಮಿ.ಮೀ.ಗೊಮ್ಮೆ ಒತ್ತಿದರೆ ಒಳಮೈಯಲ್ಲಿ ಕಚ್ಚು ಬಿದ್ದು ಪಟ್ಟಿ ಬಾಗುತ್ತದೆ. ಬಿಸಿ ಬೇಡ, ನೀರು ಬೇಡ, ಒಣಗಲು ಕಾಯುವುದು ಬೇಡ. ಆದರೆ ಅದು ಬಾಗಿಸುತ್ತಿಲ್ಲ, ಸಣ್ಣ ಸಣ್ಣದಾಗಿ ಮುರಿಯುತ್ತಿದೆ. ಕಚ್ಚಿನ ಆಳ ಅರ್ಧ ಮಿ.ಮೀ. ಇದ್ದರೆ 1.5 ಮಿ.ಮೀ. ಪಟ್ಟಿಯಲ್ಲಿ ಉಳಿದದ್ದು ಒಂದು ಮಿ.ಮೀ. ಅದರ ಮೇಲೆ ಉಪ್ಪು ಕಾಗದ ಹಾಕಿ ಒಡಲು ನುಣುಪು ಮಾಡುವಾಗ ಇನ್ನೂ 0.3 ರಿಂದ 0.5 ಮಿ.ಮೀ. ಹೋಗುತ್ತದೆ. ಕೊನೆಗೆ ಮೂತಿಯಲ್ಲಿ ಉಳಿಯುವುದು ಕಾಗದದಷ್ಟು ತೆಳುವಾದ, ಒತ್ತಿದರೆ ಒಳಗೆ ಹೋಗುವ ಗೋಡೆ. ಎರಡು ಪದರದ ಕಿಟ್‌ನ ಮೊದಲ ಪದರಕ್ಕೆ, ಒಳಗಡೆ ಬಾಲ್ಸಾ ತುಂಡುಗಳನ್ನು ತುಂಬಿಸಿದ್ದರೆ ನಡೆಯುತ್ತದೆ. ಒಂದೇ ಪದರದ ಒಡಲಿಗೆ, ಒಳಮೈ ಕಾಣುವ ಬಲ್ವಾರ್ಕ್‌ಗೆ (ಡೆಕ್‌ನ ಅಂಚಿನ ಗಿಡ್ಡ ಗೋಡೆ), 0.5 ಮಿ.ಮೀ. ಪಟ್ಟಿಗೆ ಬೇಡವೇ ಬೇಡ. ಒಮ್ಮೆ ಕಚ್ಚು ಹಾಕಿದ ಪಟ್ಟಿಯನ್ನು ಸರಿಪಡಿಸಲಾಗುವುದಿಲ್ಲ, ಎಸೆಯಬೇಕು.

ಇನ್ನೊಂದು, ಉರುಳೆಗಳ ಬೆಂಡರ್. ಒಂದು ಉರುಳೆಗೆ ಏಣುಗಳಿರುತ್ತವೆ, ಸ್ಕ್ರೂ ಬಿಗಿ ಮಾಡಿದಷ್ಟು ಬಾಗು ಹೆಚ್ಚು. ಉದ್ದಕ್ಕೂ ಒಂದೇ ಸಮನಾದ ಸೌಮ್ಯ ಬಾಗು ಬೇಕಾದಾಗ ಚೆನ್ನಾಗಿದೆ. ಆದರೆ ಅಂಥ ಸೌಮ್ಯ ಬಾಗು ಕೈಯಲ್ಲೇ ಆಗುತ್ತದಲ್ಲ! ಬಿಗಿ ಬಾಗಿಗೆ ಹೋದರೆ ಏಣಿನ ಗುರುತು ಒಳಮೈಯಲ್ಲಿ ಉಳಿಯುತ್ತದೆ, ಕೊನೆಯ ಒಂದೆರಡು ಸೆಂಟಿಮೀಟರ್ ಉರುಳೆಗಳ ನಡುವೆ ಸಿಗದೆ ನೇರವಾಗಿಯೇ ಉಳಿಯುತ್ತದೆ. ಸ್ಟೆಮ್‌ಗೆ ಸೇರುವುದು ಆ ಕೊನೆಯ ತುದಿಯೇ.

ಮನೆಯಲ್ಲೇ ಇರುವ ಬದಲಿಗಳೂ ಸಾಕಷ್ಟು. ಹಳೆಯ ಸೋಲ್ಡರಿಂಗ್ ಐರನ್‌ನ ಮೊನೆಗೆ ತಾಮ್ರದ ಕೊಳವೆಯ ತುಂಡು ತೂರಿಸಿದರೆ ಅದೇ ಬೆಂಡರ್. ಬಿಸಿಗಾಳಿಯ ಗನ್ ಬೇಡ, ಒಂದು ಕ್ಷಣ ತಪ್ಪಿದರೆ ಪಟ್ಟಿ ಇದ್ದಿಲು. ಹೇರ್ ಡ್ರೈಯರ್ ಬಗ್ಗೆ ಮಾತ್ರ ಒಂದೆರಡು ಮಾತು ಹೆಚ್ಚು ಹೇಳಲೇಬೇಕು, ಏಕೆಂದರೆ ಬೆಂಡರ್ ಸೋಲುವ ಜಾಗದಲ್ಲಿ ಗೆಲ್ಲುವುದು ಅದೇ.

ಒಡಲಿಗೆ ಪಟ್ಟಿ ಹಚ್ಚುವಾಗ ನಿಜವಾದ ಗೋಳು ದಪ್ಪದ ದಿಕ್ಕಿನ ಬಾಗಲ್ಲ, ಅಗಲದ ದಿಕ್ಕಿನದು. ದುಂಡು ಮೇಲ್ಮೈಯ ಮೇಲೆ ಪಟ್ಟಿಯನ್ನು ತನ್ನ ಪಾಡಿಗೆ ಬಿಟ್ಟರೆ ಅದು ಮೂತಿಯ ಕಡೆ ಮೇಲಕ್ಕೆ ಹತ್ತುತ್ತದೆ. ಅದನ್ನು ಕೆಳಗೆಳೆದು ಪಕ್ಕದ ಪಟ್ಟಿಗೆ ಒತ್ತಿದರೆ ಒಂದು ಅಂಚು ಬಲ್ಕ್‌ಹೆಡ್‌ನಿಂದ ಮೇಲೇಳುತ್ತದೆ, ಒಡಲು ಹೆಂಚು ಹೊದಿಸಿದಂತೆ ಮೆಟ್ಟಿಲು ಮೆಟ್ಟಿಲಾಗುತ್ತದೆ. 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಪಟ್ಟಿ ದಪ್ಪದ ದಿಕ್ಕಿಗಿಂತ ಅಗಲದ ದಿಕ್ಕಿನಲ್ಲಿ ಹನ್ನೊಂದು ಪಟ್ಟು ಬಿಗಿ. ಬೆಂಡರ್‌ನ ದುಂಡು ತಲೆಗೆ ಅಗಲದ ದಿಕ್ಕಿನ ಬಾಗು ಹಿಡಿಯುವುದೇ ಇಲ್ಲ, ಪಟ್ಟಿ ಮಗ್ಗುಲಾಗಿ ಮಗುಚಿಕೊಳ್ಳುತ್ತದೆ. ಇದಕ್ಕೆ ಪಟ್ಟಿಯನ್ನು ಒದ್ದೆ ಮಾಡಿ ಚಪ್ಪಟೆ ಮಣೆಯ ಮೇಲೆ ಮಲಗಿಸಿ, ಎರಡು ಕಡೆ ಕ್ಲಾಂಪ್ ಹಾಕಿ, ಬೇಕಾದ ಕಡೆಗೆ ಎಳೆದು, ಮಧ್ಯ ಉಬ್ಬಿ ಏಳದಂತೆ ಮೇಲೊಂದು ತುಂಡು ಒತ್ತಿಟ್ಟು ಡ್ರೈಯರ್ ಹಿಡಿಯಬೇಕು. ಪೂರ್ತಿ ಒಣಗಿ ತಣ್ಣಗಾದ ಮೇಲೆಯೇ ಬಿಡಿಸಬೇಕು. ಬಿಸಿಯಿದ್ದಾಗಲೇ ಬಿಟ್ಟರೆ ಪಟ್ಟಿ ವಾಪಸು ನೇರವಾಗುತ್ತದೆ.

ಅದಕ್ಕೂ ಮುಂಚೆ ಪಟ್ಟಿಯನ್ನು ಮೂತಿಯ ಕಡೆ ಕಿರಿದು ಮಾಡಿರಬೇಕು. ನಡುಭಾಗದ ಬಲ್ಕ್‌ಹೆಡ್‌ನ ಅಂಚಿನ ಉದ್ದ 90 ಮಿ.ಮೀ. ಇದ್ದರೆ 5 ಮಿ.ಮೀ. ಪಟ್ಟಿ ಹದಿನೆಂಟು ಕೂರುತ್ತವೆ. ಮೂತಿಯ ಬಲ್ಕ್‌ಹೆಡ್‌ನಲ್ಲಿ ಅದೇ ಉದ್ದ 54 ಮಿ.ಮೀ. ಆಗಿದ್ದರೆ ಹದಿನೆಂಟೂ ಪಟ್ಟಿಗಳು ಅಲ್ಲಿ 3 ಮಿ.ಮೀ.ಗೆ ಇಳಿಯಬೇಕು. ಅರ್ಧಕ್ಕಿಂತ ಕೆಳಗೆ, ಅಂದರೆ 2.5 ಮಿ.ಮೀ.ಗಿಂತ ಕಿರಿದಾಗುವ ಲೆಕ್ಕ ಬಂದರೆ ಒಂದು ಪಟ್ಟಿಯನ್ನು ನಡುವೆಯೇ ನಿಲ್ಲಿಸಿ ಪಕ್ಕದವಕ್ಕೆ ಜಾಗ ಬಿಡಬೇಕು. ಕಿರಿದು ಮಾಡಿದ್ದರ ಇನ್ನೊಂದು ಲಾಭ: 3 ಮಿ.ಮೀ.ಗೆ ಇಳಿದ ತುದಿಯ ಬಿಗಿ, 5 ಮಿ.ಮೀ. ಇದ್ದಾಗಿನದರ ಸುಮಾರು ಐದನೇ ಒಂದು ಭಾಗ. ಅಗಲದ ಬಾಗು ಅರ್ಧ ತಾನಾಗಿಯೇ ಬಗೆಹರಿಯುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಕಿರಿದು ಮಾಡುವುದು, ಆಮೇಲೆ ಅಗಲದ ಬಾಗು, ಕೊನೆಗೆ ಬೆಂಡರ್. ಕಿರಿದಾದ ತುದಿ ಬೇಗ ಸುಡುತ್ತದೆ, ಅಲ್ಲಿ ತಲೆಯನ್ನು ಇನ್ನೂ ಚುರುಕಾಗಿ ಸರಿಸಿ. ಈ ಲೆಕ್ಕ ಹಾಕದೆ ಬರೀ ಬೆಂಡರ್ ನೆಚ್ಚಿಕೊಂಡವರ ಒಡಲಿನಲ್ಲಿ ಮೂತಿಯ ಹತ್ತಿರ ಸಂದು ತುಂಬುವ ಮರದ ಪುಟ್ಟಿಯೇ ಹೆಚ್ಚು, ಮರ ಕಡಿಮೆ.

ಕೊಳ್ಳುವುದೇ ಖಚಿತವಾದರೆ ಮೊದಲು ನೋಡಬೇಕಾದದ್ದು ವೋಲ್ಟೇಜ್. 110 ವೋಲ್ಟಿನ ಬೆಂಡರ್ ಅನ್ನು 230 ವೋಲ್ಟಿಗೆ ಚುಚ್ಚಿದರೆ ಅದು ನಾಲ್ಕರಷ್ಟಕ್ಕೂ ಹೆಚ್ಚು ವಿದ್ಯುತ್ ಎಳೆದು ಕಾಯಿಲ್ ಸುಟ್ಟುಹೋಗುತ್ತದೆ. ತಿರುಗಾಮುರುಗಾ ಆದರೆ ತಲೆ ಉಗುರುಬೆಚ್ಚಗೇ ಉಳಿಯುತ್ತದೆ, ‘ಬಿಸಿಯೇ ಆಗಲ್ಲ’ ಎಂಬ ದೂರು ಬರುವುದು ಹೀಗೆ. ವೈರು ಮೆತ್ತಗಿರಲಿ, ಗಡುಸು ವೈರು ಕೈಯನ್ನು ಎಳೆಯುತ್ತದೆ. ತಲೆ ಹಿತ್ತಾಳೆಯದ್ದಾಗಿರಲಿ. ಒದ್ದೆ ವಾಲ್‌ನಟ್, ಓಕ್‌ಗೆ ಕಬ್ಬಿಣ ತಾಕಿದರೆ ನೀಲಿಗಪ್ಪು ಕಲೆ ಹಿಡಿಯುತ್ತದೆ, ಅದು ಉಪ್ಪು ಕಾಗದಕ್ಕೂ ಬಗ್ಗುವುದಿಲ್ಲ. ಒದ್ದೆ ಪಟ್ಟಿಯ ಮೇಲೆ ಉಕ್ಕಿನ ಪಿನ್ನು, ಕ್ಲಾಂಪ್ ಬಿಟ್ಟು ಮಲಗಿದರೂ ಇದೇ ಗತಿ. ತಲೆಯನ್ನು ಹಿಡಿದಿರುವ ಸ್ಕ್ರೂ ಕಾದು ತಣಿದು ಸಡಿಲವಾಗುತ್ತಿರುತ್ತದೆ, ಆಗಾಗ ತಣ್ಣಗಿದ್ದಾಗ ಬಿಗಿ ಮಾಡಿ. ಮರದ ರಸ ಸುಟ್ಟು ತಲೆಗೆ ಕಪ್ಪು ಹಕ್ಕಳೆ ಕಟ್ಟಿದರೆ 600ರ ಉಪ್ಪು ಕಾಗದದಿಂದ ತಿಕ್ಕಿ ಹೊಳಪು ತರಿಸಿ, ಇಲ್ಲವಾದರೆ ಆ ಹಕ್ಕಳೆಯೇ ಮುಂದಿನ ಪಟ್ಟಿಗೆ ಮಸಿ ಬಳಿಯುತ್ತದೆ. ಪೆಟ್ಟಿಗೆಯಲ್ಲಿ ಕೊಡುವ ತಂತಿಯ ಸ್ಟ್ಯಾಂಡ್ ಸಾಮಾನ್ಯವಾಗಿ ತೀರಾ ಹಗುರ, ತಲೆಯ ಭಾರಕ್ಕೆ ಮುಗ್ಗರಿಸುತ್ತದೆ. ಸೋಲ್ಡರಿಂಗ್‌ಗೆಂದು ಮಾರುವ ಸುರುಳಿಯ ಭಾರದ ಸ್ಟ್ಯಾಂಡ್ ಒಂದನ್ನು ಜೊತೆಗೇ ತರಿಸಿಕೊಳ್ಳಿ.